ಹಸಿರು ದೀಪ ಹೇಳಿದ ಸುಳ್ಳು

"ಪರೀಕ್ಷೆಗೆ ರೆಡೀನಾ, ಮೇಡಂ?"

ಆ ದನಿ ಕೇಳಿದ್ದೇ ತಡ, ಅಲಾರಂ ವೈರು ಜೋಡಿಸುತ್ತಿದ್ದ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಎಲ್ಲೋ ಉರುಳಿಹೋಯಿತು. ಪರೀಕ್ಷೆ ಮಾಡುವವರು ಮಧ್ಯಾಹ್ನ ಬರುತ್ತಾರೆ ಎಂದಿದ್ದರು. ಹನ್ನೊಂದಕ್ಕೇ ಬಂದು ನಿಂತಿದ್ದಾನೆ! ಅದೂ ಇವನೇ...

"ರೆಡಿ, ಸಾರ್." ಅಲಾರಂ ಪೆಟ್ಟಿಗೆಯ ಮುಚ್ಚಳವನ್ನು ದಡಕ್ಕನೆ ಮುಚ್ಚಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ವರ್ಷದ ಹಿಂದೆ ಇವನು ಹತ್ತು ಜನರ ಮುಂದೆ ಅವಳು ಜೋಡಿಸಿದ್ದ ಇಂಥದೇ ಪೆಟ್ಟಿಗೆ ಬಿಚ್ಚಿ, "ಇದು ಕೆಲಸ ಅಲ್ಲ, ಕಣ್ಣಿಗೆ ಮಣ್ಣೆರಚೋದು" ಎಂದಿದ್ದ. ಆಗ ಎರಡೂ ಮನೆಗಳಲ್ಲಿ ಇವರ ಮದುವೆಯ ಮಾತು ನಡೆದಿತ್ತು. ಅಂದೇ ಅವಳು ಅಣ್ಣನಿಗೆ, "ನಂಗೆ ಈ ಸಂಬಂಧ ಬೇಡ" ಎಂದುಬಿಟ್ಟಳು. ಅವನ ಫೋನ್ ಎತ್ತಲಿಲ್ಲ. ತಿಂಗಳುಗಟ್ಟಲೆ ಅತ್ತದ್ದು ಮಾತ್ರ ಯಾರಿಗೂ ಗೊತ್ತಿಲ್ಲ.

ಇದು ಹೊಸ ಶೀತಲ ಗೋದಾಮು; ಒಳಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ. ದಪ್ಪ ಬಾಗಿಲಿಗೆ, ಕರೆಂಟ್ ಇರುವಷ್ಟು ಹೊತ್ತೂ ಬಿಡದ ಅಯಸ್ಕಾಂತದ ಬೀಗ. ಒಳಗೆ ಸಿಕ್ಕಿಕೊಂಡವರು ಕೆಂಪು ಬಟನ್ ಒತ್ತಿದರೆ ಸುದ್ದಿ ವೈರಿನಲ್ಲಿ ಪೆಟ್ಟಿಗೆಗೆ ಬರಬೇಕು, ಅಲ್ಲಿನ ರಿಲೇ ಎಂಬ ಸ್ವಿಚ್ಚು ಟಕ್ಕೆಂದು ಬೀಗದ ಕರೆಂಟ್ ಕಡಿಯಬೇಕು, ಸೈರನ್ ಕೂಗಬೇಕು. ಹೊರಗಿನಿಂದ ತೆರೆಯುವ ಸ್ವಿಚ್ ಇನ್ನೂ ಬಂದಿರಲಿಲ್ಲ. ಅದಕ್ಕೇ ಬಾಗಿಲು ಮುಚ್ಚಿಕೊಳ್ಳದಂತೆ ಮರದ ತುಂಡು ಅಡ್ಡ ಇಟ್ಟಿದ್ದರು.

ಆಶ್ಚರ್ಯ! ಅವನು ಪೆಟ್ಟಿಗೆ ಬಿಚ್ಚಲಿಲ್ಲ. ಹಸಿರು ದೀಪವನ್ನಷ್ಟೇ ನೋಡಿ, ಮರದ ತುಂಡು ಸರಿಸಿ, ತೆಳು ಅಂಗಿಯಲ್ಲೇ ಒಳಹೊಕ್ಕ.

"ಕೋಟು ಹಾಕ್ಕೊಳ್ಳಿ!" ಬಾಯಿ ತಪ್ಪಿ ಬಂತು.

"ಅರ್ಧ ನಿಮಿಷದ ಕೆಲಸ. ನಿಮ್ಮ ವೈರಿಂಗ್ ಮೇಲೆ ನಂಗೆ ನಂಬಿಕೆ ಇದೆ."

ಬಾಗಿಲು ಮುಚ್ಚಿತು.

ಅರ್ಧ ನಿಮಿಷ... ಒಂದು ನಿಮಿಷ... ಎರಡು. ಸೈರನ್ ಇಲ್ಲ. ಹಸಿರು ದೀಪ ಎಲ್ಲ ಸರಿಯಿದೆ ಎನ್ನುತ್ತಿತ್ತು.

'ಬೇಕಂತಲೇ ಆಟ ಆಡಿಸ್ತಿದ್ದಾನಾ?'

ಆಗ ಒಳಗಿನಿಂದ ಬಾಗಿಲು ಬಡಿದ ಸದ್ದು.

ಮುಚ್ಚಳ ಕಿತ್ತು ನೋಡಿದಳು. ಅಯ್ಯೋ! ಬಟನ್ನಿನ ಎರಡು ವೈರುಗಳು ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿವೆ. ಅವುಗಳ ಜಾಗದಲ್ಲಿ ಅಕ್ಕಿಕಾಳಿನಷ್ಟು ರೆಸಿಸ್ಟರ್! ಅದು ಇರಬೇಕಾದ್ದು ವೈರಿನ ಆ ತುದಿಯಲ್ಲಿ, ಬಟನ್ನಿನ ಹತ್ತಿರ; ಅದು ಸಿಕ್ಕರೆ ವೈರು ಪೂರ್ತಿ ಸರಿಯಿದೆ ಎಂದು ಪೆಟ್ಟಿಗೆ ಹಸಿರು ದೀಪ ಹಚ್ಚುತ್ತದೆ. ದೀಪ ಹಸಿರಾಗುತ್ತದೋ ನೋಡೋಣ ಎಂದು ಬೆಳಿಗ್ಗೆ ಇಲ್ಲೇ ಸಿಕ್ಕಿಸಿದ್ದಳು. ಅದನ್ನು ತೆಗೆಯುವಷ್ಟರಲ್ಲಿ ಆ ದನಿ... ಲೋಕವೇ ಮರೆತುಹೋಗಿತ್ತು.

ಸ್ಕ್ರೂಡ್ರೈವರ್? ಎಲ್ಲೂ ಕಾಣಲಿಲ್ಲ. ಮೇನ್ ಸ್ವಿಚ್ ಇರುವುದು ಕಟ್ಟಡದ ಆ ತುದಿಯಲ್ಲಿ. ಬಡಿತವೂ ನಿಂತಿತು.

'ದೇವರೇ, ಅವನಿಗೇನೂ ಆಗಬಾರದು!'

ರಿಲೇಯಿಂದ ಬೀಗಕ್ಕೆ ಹೋಗುವ ವೈರನ್ನು ಕೈಗೆ ಸುತ್ತಿಕೊಂಡು ಜಗ್ಗಿದಳು. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಮತ್ತೆ ಜಗ್ಗಿದಳು. ಬೆರಳು ಕೊಯ್ದು ರಕ್ತ ಬಂತು, ವೈರೂ ಬಂತು! ಬೀಗ ಬಿಟ್ಟುಕೊಂಡಿತು.

ಅವನು ತೂರಾಡುತ್ತ ಹೊರಬಂದ. ತುಟಿ ನೀಲಿ, ಹಲ್ಲು ಕಟಕಟ. ಅವಳು ತನ್ನ ಕೋಟು ಹೊದಿಸಿ, ಅಲ್ಲೇ ಕುಸಿದು ಬಿಕ್ಕಿದಳು.

"ಈ ಸಲ ಯಾಕೆ ಪೆಟ್ಟಿಗೆ ಬಿಚ್ಚಿ ನೋಡ್ಲಿಲ್ಲ?"

"ಹೋದ ಸಲ ಬಿಚ್ಚಿದ್ದಕ್ಕೆ... ನೀನು ಒಂದು ವರ್ಷ ಮಾತು ಬಿಟ್ಟೆ."

ಅವಳು ತಲೆಯೆತ್ತಿದಳು.

"ಅವತ್ತೂ ತಪ್ಪು ನಂದೇ ಇತ್ತು. ನಾನೇ ತಪ್ಪು ಒಪ್ಕೊಳ್ಳಲಿಲ್ಲ."

"ಪಕ್ಕಕ್ಕೆ ಕರೆದು ಹೇಳಬಹುದಿತ್ತು ನಾನು. ಅದನ್ನ ಹೇಳೋಕೇ ಫೋನ್ ಮಾಡ್ತಿದ್ದೆ."

"ಫೇಲ್ ಅಂತ ಬರೀರಿ."

"ಆಮೇಲೆ ಮತ್ತೆ ಒಂದು ವರ್ಷನಾ?" ಅವನು ಪರೀಕ್ಷೆಯ ಫಾರ್ಮು, ಪೆನ್ನು ತೆಗೆದ.

ನಡುಗುವ ಅವನ ಬೆರಳುಗಳಿಂದ ಪೆನ್ನು ಕಿತ್ತು, ಫಾರ್ಮಿನಲ್ಲಿ ತಾನೇ 'ಫೇಲ್' ಎಂದು ಬರೆದಳು. "ನಂಗೆ ನೀವು ಬೇಕು. ಇದನ್ನ ಅಣ್ಣನ ಮುಂದೆಯೂ ನಾನೇ ಹೇಳ್ತೀನಿ." ಕಣ್ಣೊರೆಸಿಕೊಂಡಳು. "ನಾಳೆ ಮತ್ತೆ ಪರೀಕ್ಷೆ. ಒಳಗೆ ನಾನಿರ್ತೀನಿ."

"ಹಾಗಾದ್ರೆ ನೀನು ಬಟನ್ ಒತ್ತೋ ಮೊದಲೇ ಬಾಗಿಲು ತೆಗೀತೀನಿ."

"ಹಾಗ್ ಮಾಡಿದ್ರೆ ಪರೀಕ್ಷೇನೇ ಆಗಲ್ಲ, ಸಾರ್!"

"ಆಗ್ದೆ ಇರ್ಲಿ," ಎಂದು ಅವಳ ಗಾಯದ ಬೆರಳಿಗೆ ತನ್ನ ಕರವಸ್ತ್ರ ಸುತ್ತಿದ. "ನಾಡಿದ್ದೂ ಬರ್ತೀನಿ."