ಕೇಳದೆ ತಿದ್ದಿದವನು

"ನನ್ನ ಪ್ರೋಗ್ರಾಂ ಮುಟ್ಟಕ್ಕೆ ನೀವ್ಯಾರ್ರೀ?"

ಹುಣಸೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಕೀಬೋರ್ಡುಗಳ ಸದ್ದು ಥಟ್ಟನೆ ನಿಂತಿತು. ಹನಗೋಡಿನ ಸೌಂದರ್ಯಳ ಮುಖ ಕೆಂಡವಾಗಿತ್ತು. ಎದುರಿಗೆ ತಲೆ ತಗ್ಗಿಸಿ ನಿಂತಿದ್ದವನು ಜೊತೆಗೆ ಜಾವಾ ಕಲಿಯುತ್ತಿದ್ದ ಚುಂಚನಕಟ್ಟೆಯ ಶಿವಶಂಕರ್.

ಕೋಪ ಬರದೆ ಇರುತ್ತದೆಯೇ? ಮಧ್ಯಾಹ್ನ ಹಾಲಿನ ಡೈರಿಯವರು ಅವಳ ಪ್ರೋಗ್ರಾಂ ನೋಡಲು ಬರುವವರಿದ್ದರು. ಒಪ್ಪಿದರೆ ಅಲ್ಲೇ ಕೆಲಸ. ಇಲ್ಲವಾದರೆ ಅಪ್ಪ ಓದು ಬಿಡಿಸಿ ಮನೆಯಲ್ಲಿ ಕೂರಿಸುವುದು ಖಂಡಿತ. ಈಗ ನೋಡಿದರೆ ಪರದೆಯ ತುಂಬ ಎರರ್!

"ರೈತರ ಹೆಸರು, ಲೀಟರು ಎಲ್ಲಾನೂ ಒಂದೇ ಮ್ಯಾಪಿಗೆ, ಅಂದ್ರೆ ಒಂದೇ ಪಟ್ಟಿಗೆ ತುಂಬಿದ್ರಿ. ಎರಡೂರಲ್ಲಿ ಒಂದೇ ಹೆಸರಿದ್ರೆ ಒಬ್ಬರ ಹಾಲು ಅಳಿಸೋಯ್ತದೆ ಕಣ್ರೀ. ಅದಕ್ಕೇ ಊರಿನ ಮ್ಯಾಪೊಳಗೆ ರೈತರ ಮ್ಯಾಪು ಇಟ್ಟು, ಯಾವ ಜಾಗಕ್ಕೆ ಅಕ್ಷರ, ಯಾವ ಜಾಗಕ್ಕೆ ಅಂಕಿ ಅಂತ ಕಟ್ಟುಮಾಡೋ ಜೆನೆರಿಕ್ಸ್ ಹಾಕ್ದೆ."

Map<String, Map<String, Double>>

"ಮತ್ತೆ ಈ ಎರರ್?"

"ಲೀಟರ್ ಜಾಗಕ್ಕೆ ಒಂದೆರಡು ಕಡೆ ಅಕ್ಷರ ತುಂಬಿದ್ರಿ. ಈಗ್ಲೇ ಸಿಕ್ಕಾಕ್ಕೊಂತು. ಇಲ್ದಿದ್ರೆ ಡೈರಿಯೋರ ಮುಂದೆ ನಿಂತೋಗಿರೋದು."

ಅವನು ಹೇಳಿದ್ದು ಸರಿಯಿತ್ತು... ಅದೇ ಅವಳ ಹೊಟ್ಟೆ ಉರಿಸಿತು. ಇವನಿಗೆ ಬಾಯಿರಲಿಲ್ಲವೇ? ನನ್ನ ಕೆಲಸಕ್ಕೆ ತನ್ನ ಹೆಸರು ಅಂಟಿಸಿಕೊಳ್ಳುವ ಹುನ್ನಾರ!

ದಡಕ್ಕನೆ ಕುರ್ಚಿ ಎಳೆದು ಕುಳಿತಳು. ಅವನ ಸಾಲು ಓದಿದಳು.

"ನಿಮ್ಮದೂ ತಪ್ಪೇ! ನಮ್ಮ ಪಕ್ಕದ್ಮನೇಲಿ ತಾತನೂ ದೊಡ್ಡಬೀರಯ್ಯ, ತಾತನ ಹೆಸರಿಟ್ಟ ಮೊಮ್ಮಗನೂ ದೊಡ್ಡಬೀರಯ್ಯ. ಇಬ್ರೂ ಡೈರಿಗೆ ಹಾಲಾಕ್ತಾರೆ. ತಾತನ ಹಾಲನ್ನ ಮೊಮ್ಮಗ ನುಂಗಾಕ್ಲಾ?"

ಶಿವಶಂಕರ್ ಪೆಚ್ಚಾದ. ಅವಳು ಒಳಗಿನ ಮ್ಯಾಪಿನಲ್ಲಿ ರೈತರ ಹೆಸರು ತೆಗೆದು ಡೈರಿಯ ಸದಸ್ಯ ನಂಬರ್ ಇಟ್ಟಳು.

Map<String, Map<Integer, Double>>

ತಿದ್ದಬೇಕಾದ ಜಾಗಗಳನ್ನೆಲ್ಲ ತಪ್ಪು ಹಿಡಿಯುವ ಕಂಪೈಲರೇ ತೋರಿಸಿತು. ಅವನನ್ನು ಹತ್ತಿರಕ್ಕೂ ಬಿಡದೆ ಒಬ್ಬಳೇ ತಿದ್ದಿದಳು.

ಮಧ್ಯಾಹ್ನ ಡೈರಿಯವರು ಒಪ್ಪಿದರು. "ಯಾರು ಮಾಡಿದ್ದು?" ಎಂದಾಗ ಶಿವಶಂಕರನೇ ಮೊದಲು ಬಾಯಿಬಿಟ್ಟ. "ಇವರೊಬ್ಬರೇ ಸಾರ್."

ಅವಳು ತಿರುಗಿ ಅವನನ್ನೇ ನೋಡಿದಳು. ಹೊರಗೆ ಬಂದೊಡನೆ ಮತ್ತೆ ಎಗರಿ ಬಿದ್ದಳು.

"ಮೊದಲೇ ಹೇಳಕ್ಕೇನಾಗಿತ್ತು ನಿಮಗೆ?"

"ನಿಮ್ಮೆದುರು ಮಾತೇ ಹೊರಡಲ್ಲ ಕಣ್ರೀ... ನೀವು ಸೋಲೋದು ನೋಡಕ್ಕಾಗ್ಲಿಲ್ಲ. ನೀವಂದ್ರೆ ನಂಗೆ ಇಷ್ಟ!"

"ಇಷ್ಟ ಇದ್ರೆ ಬಂದು ಕೇಳ್ಬೇಕು! ಕದ್ದು ತಿದ್ದೋದಲ್ಲ!"

"ಈಗ ಕೇಳ್ತಾ ಇವ್ನಿ. ನನ್ನ ಮದ್ವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. ಹುಬ್ಬು ಮಾತ್ರ ಗಂಟಿಕ್ಕಿಯೇ ಇತ್ತು.

"ನಂಗಿನ್ನೂ ಕೋಪ ಇಳಿದಿಲ್ಲ."

"ಇಳಿಯೋಗಂಟ ಜೊತೇಲೇ ಇರ್ತೀನಿ."

"ಅಂಗಾದ್ರೆ ಇಳಿಯಕ್ಕಿಲ್ಲ ಬುಡಿ!"