ಗೋಡೆಗೆ ಹೇಳಿದ ಇಂಜೆಕ್ಷನ್

ಗೊಂಬೆಯ ಎದೆ ಸೀಳಿತ್ತು. ಕಿಟಕಿಯ ಗಾಜು ಒಡೆದಿತ್ತು. ಎದೆಯೊಳಗಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಮೆಮೊರಿ ಪೆಟ್ಟಿಗೆ ಮಾಯವಾಗಿತ್ತು.

ಪಾಂಡವಪುರದ ಹೊರಗಿನ ಖಾಸಗಿ ಮೆಡಿಕಲ್ ಕಾಲೇಜು ಅದು. ತುರ್ತು ಚಿಕಿತ್ಸೆಯ ಪರೀಕ್ಷೆಗೆ ಅಲ್ಲಿನ ಹೌಸ್ ಸರ್ಜನ್‌ಗಳಿಗೆ ರೋಗಿಯ ಬದಲು ಈ ರಬ್ಬರ್ ಗೊಂಬೆ. ಉಸಿರಾಡುತ್ತದೆ, ನಾಡಿ ಬಡಿಯುತ್ತದೆ, ಸರಿಯಾದ ಮದ್ದು ಸಿಗದಿದ್ದರೆ ಸಾಯುತ್ತದೆ. ಯಾರು ಯಾವ ನಿಮಿಷದಲ್ಲಿ ಏನು ಮಾಡಿದರು ಎಂಬುದೆಲ್ಲ ಆ ಪೆಟ್ಟಿಗೆಯಲ್ಲಿ ದಾಖಲಾಗುತ್ತದೆ.

"ಇದು ದಿಲೀಪನ ಕೆಲಸ," ಎಂದರು ವಿಭಾಗದ ಮುಖ್ಯಸ್ಥ ಡಾ. ರಘುನಂದನ್. "ಕಾಲೇಜಿಗೆ ಬೆಂಕಿ ಇಡ್ತೀನಿ ಅಂತ ನಿನ್ನೆ ಗೇಟಿನಲ್ಲಿ ಕೂಗಾಡಿದ್ದಾನೆ."

ಸಬ್ ಇನ್‌ಸ್ಪೆಕ್ಟರ್ ಹೇಮಶ್ರೀ ಒಡೆದ ಗಾಜಿನತ್ತ ನೋಡಿದಳು. ದಿಲೀಪನ ಸಿಟ್ಟಿಗೆ ಕಾರಣ ಅವಳಿಗೆ ಗೊತ್ತಿತ್ತು. ಅವನ ಅಕ್ಕ ಪವಿತ್ರ ಇದೇ ಕಾಲೇಜಿನ ಆಸ್ಪತ್ರೆಯಲ್ಲಿ ನರ್ಸು. ಹದಿನೈದು ದಿನದ ಹಿಂದೆ ಬೆಳಗೊಳದ ಚಲುವಮ್ಮ ಹಸುವಿಗೆ ಹುಲ್ಲು ಕೊಯ್ಯುವಾಗ ಹೆಜ್ಜೇನು ಕಚ್ಚಿ, ಉಸಿರು ಕಟ್ಟಿ ಬಂದಿದ್ದಳು. ಅಂಥವರಿಗೆ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು, ತಕ್ಷಣ. ಯಾರೂ ಚುಚ್ಚಲಿಲ್ಲ. ಔಷಧಿ ಟ್ರೇಯಲ್ಲಿ ಒಡೆಯದೆ ಹಾಗೇ ಉಳಿದಿತ್ತು. ಚಲುವಮ್ಮ ಸತ್ತಳು. ಆದರೆ ಕೇಸ್ ಶೀಟಿನಲ್ಲಿ 'ಕೊಡಲಾಗಿದೆ' ಎಂದು ಪವಿತ್ರಳ ಕೈಬರಹವಿತ್ತು.

ನರ್ಸು ಸುಳ್ಳು ಬರೆದು ಜೀವ ತೆಗೆದಳು ಎಂದು ಕಾಲೇಜು ದೂರು ಕೊಟ್ಟಿತ್ತು. ಡ್ಯೂಟಿಯಲ್ಲಿದ್ದ ಹೌಸ್ ಸರ್ಜನ್ ಕಿಶನ್ ಇನ್ನೂ ಬಿಳಿ ಕೋಟಿನಲ್ಲಿ ಓಡಾಡುತ್ತಿದ್ದ. ಸೋಮವಾರ ಕೂರಬೇಕಿದ್ದ ತನಿಖಾ ಸಮಿತಿ ಒಂದನ್ನೇ ಕೇಳಿತ್ತು: ಕಿಶನ್ ಈ ಗೊಂಬೆಯ ಮೇಲೆ ಪಾಸಾದ ಪರೀಕ್ಷೆಯ ದಾಖಲೆ. ಅದೇ ಈಗ ಕಳುವಾಗಿತ್ತು. ಕಿಶನ್‌ಗೆ ನಿಜವಾಗಿ ಕೆಲಸ ಗೊತ್ತಿತ್ತೇ ಎಂದು ತೋರಿಸಲು ಬೇರೆ ಸಾಕ್ಷಿಯಿರಲಿಲ್ಲ; ಅದಿಲ್ಲದಿದ್ದರೆ ಪವಿತ್ರಳಿಗೆ ಜೈಲೇ ಗತಿ.

ಹೇಮಶ್ರೀ ನೆಲ ನೋಡಿದಳು. ಎರಡು ದಿನದಿಂದ ಯಾರೂ ಒರೆಸದ ಧೂಳಿತ್ತು. ಒಂದು ಹನಿ ಒದ್ದೆಯಿಲ್ಲ.

"ಈ ಗೊಂಬೆಗೆ ರಕ್ತ ಇಲ್ವಾ?" ಎಂದು ಕಳವನ್ನು ಮೊದಲು ಕಂಡ ಟೆಕ್ನಿಶಿಯನ್ ಕೃಷ್ಣಮೂರ್ತಿಯನ್ನು ಕೇಳಿದಳು.

"ಐತೆ ಮೇಡಂ. ಎಲ್ಡು ಲೀಟ್ರು ಕೆಂಪು ನೀರು. ಎದೆ ಬಿಚ್ಚೋಕ್ ಮುಂಚೆ ಮಂಚದ ಕೆಳ್ಗಿರೋ ವಾಲು ತಿರುಗ್ಸಿ ಇಳಿಸ್ಬುಡ್ಬೇಕು. ಇಲ್ದಿದ್ರೆ ರೂಮೆಲ್ಲಾ ಕೆಂಪಾಗೋಯ್ತದೆ."

"ಅದು ಯಾರ್‍ಯಾರಿಗೆ ಗೊತ್ತು?"

"ನಂಗೆ," ಎಂದು ಕೃಷ್ಣಮೂರ್ತಿ ತಡೆದ. "ಮತ್ತೆ ಸಾಹೇಬ್ರಿಗೆ."

ಕೃಷ್ಣಮೂರ್ತಿ ಎರಡು ದಿನ ರಜೆ ಹಾಕಿ ಹೊಸಹೊಳಲಿನ ತಂಗಿ ಮನೆಯಲ್ಲಿದ್ದ. ಕಾನ್‌ಸ್ಟೇಬಲ್ ಫೋನ್ ಮಾಡಿ ಖಚಿತಪಡಿಸಿಕೊಂಡ. ಸಿಟ್ಟಿನಲ್ಲಿ ನುಗ್ಗಿದ ದಿಲೀಪ ಮಂಚದ ಕೆಳಗೆ ತೂರಿ ವಾಲು ಹುಡುಕುತ್ತಾ ಕೂರುತ್ತಾನೆಯೇ? ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತು. ಆದರೆ ರಘುನಂದನ್‌ಗೆ ಇದರಿಂದ ಏನು ಲಾಭ?

* * *

ಬೆಳಗೊಳದಲ್ಲಿ ಚಲುವಮ್ಮನ ಮಗಳು ಹಾಲು ಕರೆಯುತ್ತಲೇ ಮಾತಾಡಿದಳು. ಅವ್ವನ ತಲೆ ತನ್ನ ತೊಡೆಯ ಮೇಲಿತ್ತು, ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ ಎಂದಳು.

"ಡಾಕ್ಟ್ರು ಏನು ಮಾಡಿದ್ರು?"

"ಬಾಯಿ ನೋಡುದ್ರು, ನಾಡಿ ಇಡುದ್ರು. ಆಮೇಲೆ ಕೈ ಕಟ್ಕಂಡು, ಗೋಡೆ ಕಡೆ ಮಖ ಎತ್ತಿ, ಅದೇನೋ ಇಂಜೆಕ್ಷನ್ ಎಸ್ರು ಏಳಿ ಕೊಟ್ಟೆ ಅಂದ್ರು. ನರ್ಸಕ್ಕ ಆ ಕಡೆ ತಿರುಕ್ಕಂಡು ಡ್ರಿಪ್ ಆಕ್ತಿದ್ರು. ಕೇಳಿಸ್ಕಂಡು ಬರ್ಕಂಡ್ರು."

"ನರ್ಸಿಗೆ ಕೊಡು ಅನ್ನಲಿಲ್ವಾ?"

"ಇಲ್ಲ ಕಣಕ್ಕ. ಗೋಡೆಗೆ ಏಳುದ್ರು."

ಜೀಪು ಪಾಂಡವಪುರ ಮುಟ್ಟುವವರೆಗೂ ಹೇಮಶ್ರೀಗೆ ಆ ಗೋಡೆಯದೇ ಯೋಚನೆ. ಯೋಚಿಸಿದಷ್ಟೂ ಮೈ ಉರಿಯುತ್ತಿತ್ತು.

* * *

ಪರೀಕ್ಷಾ ಕೋಣೆಯ ಗೋಡೆಯ ಮೇಲೆ ಒಂದು ಕ್ಯಾಮೆರಾ ಇತ್ತು. ಪರೀಕ್ಷಕರು ಒಳಕೋಣೆಯಲ್ಲಿ ಕೂತು ಅದರಲ್ಲಿ ನೋಡುತ್ತಾರೆ.

ಹೇಮಶ್ರೀ ಗೊಂಬೆಯ ಎದೆಗೆ ಹೊಲಿಗೆ ಹಾಕಿಸಿದಳು. "ಉಸಿರಾಡ್ತದೆ ಮೇಡಂ. ಏನೂ ಗ್ಯಾಪ್ಕ ಇಟ್ಕಳಕಿಲ್ಲ ಅಷ್ಟೆ," ಎಂದ ಕೃಷ್ಣಮೂರ್ತಿ. ಅವಳು ರಘುನಂದನ್‌ರನ್ನು ಕರೆಸಿದಳು. ಪವಿತ್ರ, ದಿಲೀಪ ಬಾಗಿಲಲ್ಲಿ ನಿಂತರು. ಕೊನೆಗೆ ಕಿಶನ್ ಬಂದ.

"ಜೇನು ಕಚ್ಚಿದೆ. ಉಳಿಸಿ," ಎಂದಳು ಹೇಮಶ್ರೀ.

ಗೊಂಬೆ ಏದುಸಿರು ಬಿಟ್ಟಿತು. ಮಾನಿಟರ್ ಕಿರುಚಿತು. ಕಿಶನ್ ಬಾಯಿ ನೋಡಿದ, ನಾಡಿ ಹಿಡಿದ, ಆಕ್ಸಿಜನ್ ಇಟ್ಟ. ನಂತರ ಕೈ ಕಟ್ಟಿ ಕ್ಯಾಮೆರಾದತ್ತ ಮುಖ ಎತ್ತಿದ.

"ಅಡ್ರಿನಲಿನ್ ಕೊಟ್ಟೆ, ಸರ್."

ಸಿರಿಂಜು ಟ್ರೇಯಲ್ಲಿ ಕವರಿನೊಳಗೇ ಇತ್ತು.

"ಯಾವ ಕೈಯಲ್ಲಿ ಕೊಟ್ರಿ?"

ಕಿಶನ್ ತನ್ನ ಎರಡೂ ಕೈ ನೋಡಿಕೊಂಡ. "ಇಲ್ಲಿ ಹೇಳಿದರೆ ಸಾಕಿತ್ತು ಮೇಡಂ. ರಘುನಂದನ್ ಸರ್ ಒಳಗೆ ಬಟನ್ ಒತ್ತುತ್ತಿದ್ದರು. ಗೊಂಬೆ ಬದುಕುತ್ತಿತ್ತು."

ಹೇಮಶ್ರೀ ಗೊಂಬೆಯ ತೊಡೆಯ ಮೇಲಿನ ಬಟ್ಟೆ ಸರಿಸಿ ಟಾರ್ಚ್ ಬಿಟ್ಟಳು. ಈ ರಬ್ಬರನ್ನು ಎಂದಾದರೂ ಬದಲಾಯಿಸಿದ್ದುಂಟೇ ಎಂದು ಕೇಳಿದಳು. ತಂದಾಗಿನಿಂದ ಅದೇ, ನಲವತ್ತು ಜನರ ಪರೀಕ್ಷೆ ನಡೆದದ್ದೂ ಇದರ ಮೇಲೇ ಎಂದ ಕೃಷ್ಣಮೂರ್ತಿ.

"ನಲವತ್ತು ಜನ ಇಂಜೆಕ್ಷನ್ ಕೊಟ್ಟು ಪಾಸಾಗಿದ್ದಾರೆ. ಒಂದು ತೂತಿಲ್ಲ," ಎಂದು ರಘುನಂದನ್ ಕಡೆ ತಿರುಗಿದಳು. "ಸಮಿತಿಗೆ ಆ ಪೆಟ್ಟಿಗೆ ಇದನ್ನೇ ಹೇಳುತ್ತಿತ್ತು. ಅದಕ್ಕೇ ರಕ್ತ ಇಳಿಸಿ, ಎದೆ ಬಿಚ್ಚಿ ಅದನ್ನ ತೆಗೆದಿರಿ. ಗಾಜು ಒಡೆದು ದಿಲೀಪನ ಹೆಸರು ಹೇಳಿದಿರಿ. ಎದೆ ಸೀಳಿದವರು ತೊಡೆ ನೋಡಲಿಲ್ಲ, ಡಾಕ್ಟರ್."

ಪೆಟ್ಟಿಗೆ ರಘುನಂದನ್ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು.

"ಒಂದೇ ದಿನ ನಲವತ್ತು ಜನ ಮೇಡಂ," ಎಂದರು ಅವರು. "ಚುಚ್ಚಿ ಚುಚ್ಚಿ ರಬ್ಬರ್ ಹಾಳಾದರೆ ಹೊಸದು ಬರೋಕೆ ಮೂರು ತಿಂಗಳು."

ಹೇಮಶ್ರೀಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ರಬ್ಬರ್ ಉಳಿಸಿದ್ದಾನೆ ಮಹಾರಾಯ. ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೇ ಕೇಳಿದಳು.

"ಉಳಿದ ಮೂವತ್ತೊಂಬತ್ತು ಜನ ಈಗ ಎಲ್ಲಿ?"

ಉತ್ತರ ಕೊಟ್ಟವನು ಕಿಶನ್. "ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ... ಎಲ್ಲರೂ ಡ್ಯೂಟಿಯಲ್ಲಿದ್ದಾರೆ."

ಹೇಮಶ್ರೀ ಕಾನ್‌ಸ್ಟೇಬಲ್ ಕಡೆ ತಿರುಗಿ, ಒಬ್ಬೊಬ್ಬರಿಗೂ ಈಗಲೇ ಫೋನ್ ಮಾಡಿ ಇಲ್ಲಿಗೆ ಕರೆಸಲು ಹೇಳಿದಳು.

ಅಷ್ಟರಲ್ಲಿ ಪವಿತ್ರ ಒಳಗೆ ಬಂದಳು. ಕವರ್ ಹರಿದು ಸಿರಿಂಜಿಗೆ ಔಷಧಿ ಎಳೆದಳು. ಕಿಶನ್‌ನ ಕೈ ಹಿಡಿದು ಅದರಲ್ಲಿಟ್ಟಳು.

"ಬಾಯಿ ಮುಚ್ಕಂಡು ಚುಚ್ಚಿ, ಡಾಕ್ಟ್ರೇ," ಎಂದಳು.

ಕಿಶನ್ ಬಗ್ಗಿ ಚುಚ್ಚಿದ. ಗೊಂಬೆಯ ತೊಡೆಯಲ್ಲಿ ಮೊದಲ ತೂತು ಬಿತ್ತು.