ಕಾಲಿಗೆ ಸಿಗದ ಸ್ವರ

"ಇದನ್ನ ಬರೆದವರು ಯಾರು?"

ಆಕೆ ಕರಡು ಪುಟವನ್ನು ಎತ್ತಿ ಹಿಡಿದು ಕೇಳಿದಳು. ಸಭಾಂಗಣದಲ್ಲಿ ಕಣ್ಣಿಗೆ ಬಿದ್ದದ್ದು ಎರಡು ಕಾಲು ಮಾತ್ರ. ಉಳಿದ ಮನುಷ್ಯ ಆರ್ಗನ್ ವಾದ್ಯದ ಹೊಟ್ಟೆಯೊಳಗೆ, ಕೊಳವೆಗಳ ನಡುವೆ ಮಲಗಿದ್ದ.

"ಪೆನ್ಸಿಲಲ್ಲಿ ಬರೆದಿದೆಯಾ? ಹಾಗಾದ್ರೆ ನಾನೇ."

ಅವನು ಆರ್ಗನ್ ರಿಪೇರಿಯವನು. ಆಕೆ ಸಂಗೀತ ಪುಸ್ತಕಗಳ ಪ್ರಕಾಶನದಲ್ಲಿ ಸಂಪಾದಕಿ. ಮುನ್ನೂರು ವರ್ಷ ಹಿಂದಿನ ಬರೋಕ್ ಕಾಲದ ಒಂದು ಆರ್ಗನ್ ಕೃತಿಯ ಎರಡು ಹಳೆಯ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಸ್ವರ ಬೇರೆಯಾದ ಕಡೆಯಲ್ಲೆಲ್ಲ ಯಾವುದು ಸರಿ ಎಂದು ಮೂರು ವರ್ಷದಿಂದ ತೀರ್ಮಾನಿಸುತ್ತಿದ್ದಳು. ನೂರಹದಿನಾಲ್ಕು ಸ್ವರಗಳು ಮುಗಿದಿದ್ದವು. ಉಳಿದದ್ದು ಕಾಲಿನಿಂದ ನುಡಿಸುವ ಒಂದೇ ಸ್ವರ. ಒಂದು ಮುದ್ರಣದಲ್ಲಿ ಅದು ತೀರಾ ಕೆಳಗಿನ ಸಿ ಶಾರ್ಪ್. ಇನ್ನೊಂದರಲ್ಲಿ ಅದೇ ಸ್ವರ ಒಂದು ಸ್ಥಾಯಿ ಮೇಲೆ.

ಆಕೆ ಸದ್ಯಕ್ಕೆ ಕೆಳಗಿನದನ್ನು ಆರಿಸಿದ್ದಳು. ನುಡಿಸಿ ನೋಡಲೆಂದು ಈ ಸಭಾಂಗಣದ ವಾದಕರಿಗೆ ಕಳಿಸಿದ ಕರಡಿನ ಅಂಚಿನಲ್ಲಿ ಈ ಮನುಷ್ಯ, 'ಇದನ್ನು ಯಾರೂ ನುಡಿಸಿರಲು ಸಾಧ್ಯವಿಲ್ಲ' ಎಂದು ಗೀಚಿದ್ದ.

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ." ಅವನು ತೆವಳಿಕೊಂಡು ಹೊರಗೆ ಬಂದ. ಮೂಗಿನ ಮೇಲೆ ಧೂಳು. "ಮೇಡಂ, ಆ ಕಾಲದ ಆರ್ಗನ್‌ಗಳಲ್ಲಿ ಆ ಸ್ವರಕ್ಕೆ ಪೆಡಲೇ ಇರ್ತಿರಲಿಲ್ಲ. ಕೊಳವೆ ಭಾರಿ ದೊಡ್ಡದು, ಬಳಕೆ ಕಡಿಮೆ. ಬಿಟ್ಬಿಡ್ತಿದ್ರು. ಇಲ್ಲದ ಪೆಡಲ್ ಮೇಲೆ ಕಾಲಿಡೋದು ಹೇಗೆ?"

"ಎಲ್ಲಾ ಆರ್ಗನ್‌ಗಳಲ್ಲೂ ಹಾಗೇನಾ?"

"ನಾನು ಬಿಚ್ಚಿದ್ದರಲ್ಲೆಲ್ಲಾ."

ಎಷ್ಟು ಪೊಗರು! ಆಕೆಯ ಕಿವಿ ಬಿಸಿಯಾಯಿತು.

ಮುಂದಿನ ಎರಡು ತಿಂಗಳು ಆಕೆ ಜಗಳವಾಡಲೆಂದೇ ಅಲ್ಲಿಗೆ ಹೋದಳು. ಅವನು ಕೊಳವೆ ಒರೆಸುತ್ತಲೇ ಉತ್ತರ ಕೊಡುತ್ತಿದ್ದ.

"ಮೂರು ತುತ್ತಿಗೊಂದು ಸಲ ಆ ರಿಪೇರಿಯವನನ್ನ ಬೈತೀಯಲ್ಲೇ," ಎಂದರು ಅಮ್ಮ. "ತಟ್ಟೆಲಿರೋದು ಏನು ತಪ್ಪು ಮಾಡಿದೆ? ಅದನ್ನ ತಿನ್ನು."

"ಅವನು ಹೇಳೋದು ಸರಿ ಅನ್ಸತ್ತಮ್ಮಾ... ಅದೇ ಸಿಟ್ಟು."

ಕೊನೆಗೆ ಆಕೆ ಸ್ವರವನ್ನು ಮೇಲಿನದಕ್ಕೆ ಬದಲಿಸಿದಳು. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಹೆಣ್ಣು, ಅವನ ಮಾತೊಂದನ್ನೇ ನಂಬಿ ಬದಲಿಸಿದಳು. ಹಾಗೆಂದು ಅವನಿಗೆ ಹೇಳಿದಾಗ ಅವನ ಮುಖ ಬಿಳುಚಿಕೊಂಡಿತು.

ಮರುದಿನದಿಂದ ಅವನಿಲ್ಲ. ಫೋನ್ ಎತ್ತಲಿಲ್ಲ. ಒಂದು ವಾರ, ಎರಡು ವಾರ, ಮೂರು...

'ಗೆದ್ದಾಯ್ತಲ್ಲ. ಇನ್ನು ನನ್ನ ಹತ್ತಿರ ಅವನಿಗೇನು ಕೆಲಸ?'

ಪುಸ್ತಕ ಅಚ್ಚಿಗೆ ಹೋಗುವ ದಿನ ಮಧ್ಯಾಹ್ನ ಅವನು ನೇರ ಆಕೆಯ ಮೇಜಿನ ಮುಂದೆ ಬಂದು ನಿಂತ. ಸುಕ್ಕಾದ ಅಂಗಿ. ಕಂಕುಳಲ್ಲಿ ಕಂದು ಕಾಗದದ ಸುರುಳಿ. ಬಿಡಿಸಿದರೆ, ಪೆಡಲುಗಳ ಮೇಲೆ ಕಾಗದ ಹಾಸಿ ಪೆನ್ಸಿಲ್ ಉಜ್ಜಿ ತೆಗೆದ ಪಡಿಯಚ್ಚು.

"ಆ ಕೃತಿ ರಚಿಸಿದವರು ನುಡಿಸ್ತಿದ್ದ ಆರ್ಗನ್ನಿಂದು. ಅವರ ಊರಿಗೇ ಹುಡುಕಿಕೊಂಡು ಹೋಗಿದ್ದೆ. ನೋಡಿ, ಕೆಳಗಿನ ಸಿ ಶಾರ್ಪ್ ಇದೆ. ಮಿಕ್ಕ ಪೆಡಲುಗಳದ್ದೇ ಮರ, ಅದೇ ಕೈಕೆಲಸ, ಆಮೇಲೆ ಸೇರಿಸಿದ್ದಲ್ಲ. ಇನ್ನೊಂದು ಮುದ್ರಣದವರು ತಮ್ಮ ಆರ್ಗನ್ನಲ್ಲಿ ಇಲ್ಲ ಅಂತ ಮೇಲಕ್ಕೇರಿಸಿರಬೇಕು. ನಾನೂ ಅದನ್ನೇ ಮಾಡಿದೆ. ನೀವೇ ಸರಿ."

ಆಕೆ ಎದ್ದು ನಿಂತಳು.

"ಸರಿ ಇದ್ದಿದ್ದನ್ನ ನಿಮ್ಮ ಮಾತು ಕೇಳಿ ಕೆಡಿಸಿದೆ. ಇವತ್ತು ಸಂಜೆ ಅಚ್ಚಾಗತ್ತೆ. ಪುಸ್ತಕದ ಮೇಲಿರೋದು ನನ್ನ ಹೆಸರು, ನಿಮ್ಮದಲ್ಲ."

"ಗೊತ್ತು. ಅದಕ್ಕೇ ಮನೆಗೂ ಹೋಗದೆ ಬಂದೆ."

ಆಕೆ ಅಚ್ಚುಮನೆಗೆ ಫೋನ್ ಮಾಡಿದಳು.

"ಮೇಡಂ," ಎಂದ ಅಚ್ಚಿನವನು, "ಇದು ನಿಮ್ಮ ಆರನೇ 'ಕಟ್ಟಕಡೇ' ತಿದ್ದುಪಡಿ. ಕಳ್ಸಿ, ಇನ್ನೂ ಶುರು ಮಾಡಿಲ್ಲ."

ಆಕೆ ಫೋನ್ ಇಟ್ಟು ಕುರ್ಚಿಯಲ್ಲಿ ಕೂತಳು. ಉಸಿರು ಬಂತು. ಸಿಟ್ಟು ಹೋಗಲಿಲ್ಲ.

"ಒಂದು ಕೇಳ್ಲಾ?" ಅವನ ದನಿ ತಗ್ಗಿತು. "ನೂರಹದಿನಾಲ್ಕು ಸ್ವರಕ್ಕೂ ಸಾಕ್ಷಿ ಹುಡುಕಿದ್ರಿ. ನನ್ನ ಮಾತಿಗೆ ಯಾಕೆ ಹುಡುಕಲಿಲ್ಲ?"

ಆಕೆಯ ಕಣ್ಣು ತುಂಬಿತು. ಅದಕ್ಕೆ ತನ್ನ ಮೇಲೇ ರೇಗಿತು.

"ನನ್ನನ್ನ ಯಾರೂ ಅಷ್ಟು ನಂಬಿರಲಿಲ್ಲ," ಎಂದ ಅವನು. " ಭಯ ಆಯ್ತು. ಖಾತ್ರಿ ಆಗದೆ ನಿಮ್ಮ ಮುಂದೆ ಹೇಗೆ ನಿಂತ್ಕೊಳ್ಳಲಿ?"

"ಒಂದು ಫೋನ್ ಎತ್ತೋಕೂ ಭಯಾನಾ?"

"ಎತ್ತಿದ್ರೆ ಸ್ವರದ ವಿಷಯ ಬಿಟ್ಟು ಬೇರೇನೋ ಬಾಯಿಗೆ ಬಂದುಬಿಡ್ತಿತ್ತು."

"ಏನು ಬರ್ತಿತ್ತು?"

"ನೀವು ಜಗಳಕ್ಕೆ ಬರದ ದಿನ ನನಗೆ ಕೆಲಸ ಓಡಲ್ಲ ಅಂತ... ಪ್ರೀತಿಸ್ತೀನಿ ಅಂತ."

ಆಕೆ ಅವನ ಧೂಳು ಮೆತ್ತಿದ ಕೈಯನ್ನು ಎಳೆದು ಹಿಡಿದುಕೊಂಡಳು.

"ಮೂರು ವಾರ ಮುಂಚೆ ಹೇಳೋದಕ್ಕೇನಾಗಿತ್ತು ನಿಮಗೆ?"

"ಇನ್ನೂ ಬೈತೀರಾ?"

"ಬೈತೀನಿ. ಕೂತ್ಕೊಳ್ಳಿ, ಇನ್ನೂ ತುಂಬಾ ಬಾಕಿ ಇದೆ."